ಕುಂಕುಮದ ಕೆಳಗಿನ ಕೆಂಪು

ಸೆರೆಂಬಾನ್
ಮಲೇಷ್ಯಾ, ೧೪ ಜನವರಿ ೨೦೨೫

ಅಪ್ಪ,

ಬೆಳಗಿನ ಜಾವ ಮೂರು ಗಂಟೆ. ಗೇಟಿನ ಸರಪಳಿಯ ಸದ್ದಿಗೆ ಎಚ್ಚರವಾಯಿತು. ಕಳ್ಳರಲ್ಲ, ಇವರೇ. ಮಲಗುವ ಮುಂಚೆ ಹಾಕಿದ ಬೀಗವನ್ನು ಮತ್ತೊಮ್ಮೆ ಎಳೆದು ನೋಡಲು ಹೋಗಿದ್ದರು. ಅಂಗಡಿಯಿಂದ ಬರುವ ದಾರಿಯಲ್ಲಿ ಆ ಬೈಕಿನವರು ಅಡ್ಡ ಹಾಕಿದ ಮೇಲೆ ದಿನಾ ಹೀಗೆಯೇ. ನೋಡಿ ಬಂದು ಮಲಗುತ್ತಾರೆ, ಮಲಗಿದ ಕೂಡಲೇ ಗೊರಕೆ. ನನ್ನ ನಿದ್ದೆ ಮಾತ್ರ ಗೇಟಿನ ಹತ್ತಿರವೇ ನಿಂತಿರುತ್ತದೆ.

ಫೋನ್ ಮಾಡುತ್ತಿಲ್ಲ, ನೋಡಿ. ಮಾಡಿನ ಮೇಲೆ ಕೋತಿಗಳು ಓಡಿದ್ದನ್ನು ಕಳ್ಳರೆಂದುಕೊಂಡು ನಡುರಾತ್ರಿ ನಿಮ್ಮನ್ನು ಎಬ್ಬಿಸಿದ ಮರುದಿನ ನೀವೇ ಹೇಳಿದ್ದಿರಿ: "ಹೆದರಿಕೆ ಆದಾಗ ಫೋನ್ ಮಾಡಬೇಡ ಮಗಾ, ಬರಿ. ಬರೆಯುವಾಗ ಅರ್ಧ ಇಳಿಯುತ್ತದೆ. ಉಳಿದ ಅರ್ಧ ನಾನು ಬೆಳಿಗ್ಗೆ ಚಹಾಕ್ಕೆ ಮುಂಚೆ ಓದುತ್ತೇನೆ." ಅದಕ್ಕೇ ಈ ಮೇಲ್.

ಇವರ ಕೈಯ ಹೊಲಿಗೆ ಬಿಚ್ಚಿದರು. ಗಾಯ ಒಣಗಿದೆ. ಆದರೆ ಬಲಗೈಯ ತೋರುಬೆರಳಿನ ತುದಿಗೆ ಇನ್ನೂ ಸ್ಪರ್ಶ ತಿಳಿಯುವುದಿಲ್ಲ. ಚೀಲ ಕೊಟ್ಟುಬಿಟ್ಟ ಮೇಲೂ ಅವರು ಪರಾಂಗ್ ಬೀಸಿದರಲ್ಲ, ಆ ತೋಟದ ಕತ್ತಿ ಒಳಗಿನ ನರಕ್ಕೆ ತಾಗಿದೆಯಂತೆ. ಚಿನ್ನದ ಕೆಲಸ ಮಾಡುವವರಿಗೆ ಆ ಬೆರಳೇ ಕಣ್ಣು. ಮೊನ್ನೆ ಒಂದು ಮೂಗುತಿಯ ಹರಳು ಕೂರಿಸಲು ಹೋಗಿ, ಕೆಳಗೆ ಬಿದ್ದದ್ದು ಗೊತ್ತಾಗದೆ ಖಾಲಿ ಬೆರಳನ್ನೇ ಒತ್ತುತ್ತಿದ್ದರು. ನಾನು ನೋಡಿಯೂ ನೋಡದ ಹಾಗೆ ಶ್ರೀಯಾಳನ್ನು ಎತ್ತಿಕೊಂಡು ಒಳಗೆ ಹೋದೆ.

ವಿಷಯ ಇದು. ಇವರು ಪಿಸ್ತೂಲು ತೆಗೆದುಕೊಳ್ಳುತ್ತಾರಂತೆ. ಇಲ್ಲಿ ಅದು ಸುಮ್ಮನೆ ಸಿಗುವ ವಸ್ತುವಲ್ಲ, ಅನುಮತಿ ಇಲ್ಲದವರ ಹತ್ತಿರ ಗುಂಡು ಸಿಕ್ಕರೂ ಜೈಲು. ಆದರೆ ಚಿನ್ನದ ಅಂಗಡಿಯವರು ಪೊಲೀಸರಿಗೆ ಅರ್ಜಿ ಹಾಕಿ, ಕಲಿತು, ಪರೀಕ್ಷೆ ಕೊಟ್ಟು ಇಟ್ಟುಕೊಳ್ಳಬಹುದಂತೆ. ಅಂಗಿಯೊಳಗೆ, ಯಾರಿಗೂ ಕಾಣದ ಹಾಗೆ. ಅತ್ತೆ "ಒಳ್ಳೆಯದಾಯಿತು" ಅಂದುಬಿಟ್ಟರು.

ಇವರು ನಿಮ್ಮನ್ನು ಕೇಳುತ್ತಾರೆ. ಜೀವಮಾನವಿಡೀ ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕು ಬಿಚ್ಚಿ ಜೋಡಿಸಿದ ಮಾವ ಇರುವಾಗ ಬೇರೆ ಯಾರನ್ನು ಕೇಳುತ್ತಾರೆ? ಬೇಡ ಅನ್ನಿ, ಅಪ್ಪ. ಮನೆಯಲ್ಲಿ ಎಲ್ಲವನ್ನೂ ಎಳೆದು ನೋಡುವ ವಯಸ್ಸಿನ ಮಗು ಇದೆ. ನೀವು ಬೇಡ ಅಂದರೆ ಅದು ಬಂದೂಕು ಬಲ್ಲವರ ಮಾತಾಗುತ್ತದೆ. ನಾನು ಅಂದರೆ ಬರೀ ನಿದ್ದೆಗೆಟ್ಟವಳ ಮಾತು.

ನಿಮ್ಮ
ಸಮೀಕ್ಷಾ


ಪುತ್ತೂರು
೨೦ ಜನವರಿ

ಪ್ರೀತಿಯ ಸಮೀಕ್ಷಾ,

ನಿನ್ನ ಪತ್ರ ಓದಿದೆ. ರೈಫಲ್ ಕ್ಲಬ್ಬಿನ ಕೋಣೆಯಲ್ಲಿ ನಾನು ಆರಾಮಾಗಿದ್ದೇನೆ. ಬೆಳಿಗ್ಗೆ ಹುಡುಗರಿಗೆ ರೈಫಲ್ ಹಿಡಿಯಲು ಕಲಿಸುವುದು, ಸಂಜೆ ಒರೆಸಿ ಒಳಗಿಡುವುದು. ರಾತ್ರಿ ಫೋನ್ ಆಫ್ ಮಾಡಿ ಮಲಗಿದರೆ ನಾಲ್ಕೂವರೆಗೆ ಏಳುವುದು.

ಕೀರ್ತಿ ಮೊನ್ನೆ ಫೋನ್ ಮಾಡಿದ್ದ. ಮದುವೆಯಾದ ಮೇಲೆ ತಾನಾಗಿ ಮಾಡಿದ ಮೊದಲ ಫೋನ್. "ಮಾವ, ನಿಮ್ಮ ಹತ್ರ ಒಂದು ಕೇಳಬೇಕಿತ್ತು, ಟೈಮ್ ಉಂಟಾ?" ಅಂದ. ನನಗೆ ಟೈಮಿಗೆ ಏನು ಬರ.

ನಾನು ಬೇಡ ಅನ್ನಲಿಲ್ಲ. ಸಿಟ್ಟು ಮಾಡಬೇಡ. ಬೇಡ ಅಂದಿದ್ದರೆ ಅವನು ಇನ್ನೊಬ್ಬನನ್ನು ಕೇಳುತ್ತಿದ್ದ. ಆ ಇನ್ನೊಬ್ಬನಿಗೆ ನಿನ್ನ ಮನೆಯಲ್ಲಿ ಶ್ರೀಯಾ ಇದ್ದಾಳೆಂದು ಗೊತ್ತಿರುವುದಿಲ್ಲ. ನನಗೆ ಗೊತ್ತಿದೆ.

ಅವನು ಹೆದರಿದ್ದಾನೆ. ನಿನ್ನ ಹತ್ತಿರ ಹೇಳಲಿಕ್ಕಿಲ್ಲ. ನನ್ನ ಹತ್ತಿರವೂ ಹೇಳಲಿಲ್ಲ, ಪಿಸ್ತೂಲಿನ ತೂಕ ಕೇಳಿದ.

ಆಶೀರ್ವಾದಗಳು.
ಅಪ್ಪ


ಸೆರೆಂಬಾನ್
೧೧ ಮಾರ್ಚ್

ಅಪ್ಪ,

ಎರಡು ತಿಂಗಳು ಬರೆಯಲಿಲ್ಲ. ಸಿಟ್ಟು ಇತ್ತು. ಈಗ ಸಿಟ್ಟು ಮಾಡುವಷ್ಟು ಶಕ್ತಿಯೂ ಇಲ್ಲ.

ನಮ್ಮ ಊಟದ ಮೇಜಿನ ಮೇಲೆ ಈಗ ಪಿಸ್ತೂಲಿನ ಚಿತ್ರಗಳು. ಮಾರುವವನು ಮೂರು ತೋರಿಸಿದ್ದಾನೆ. ಒಂದು ಪೂರ್ತಿ ಉಕ್ಕಿನದು. ಒಂದರ ಕೆಳಗಿನ ದೇಹ, ಅಂದರೆ ನೀವಿಬ್ಬರೂ ಫ್ರೇಮ್ ಫ್ರೇಮ್ ಅನ್ನುತ್ತೀರಲ್ಲ ಅದು, ಅಲ್ಯುಮಿನಿಯಂ ಮಿಶ್ರಲೋಹದ್ದು. ಇನ್ನೊಂದರದು ಪ್ಲಾಸ್ಟಿಕ್. ಬರುವುದೇ ಆದರೆ ಹಗುರವಾದದ್ದು ಬರಲಿ ಎಂದು ನಾನು ಬಾಯಿ ಬಿಟ್ಟೆ.

"ಪ್ಲಾಸ್ಟಿಕ್ಕಿನದು ಆಗುವುದಿಲ್ಲವಾ?"

"ಬಾತ್‌ರೂಮಿಗೆ ಬಾಲ್ದಿ ತಗೊಳ್ತಿದ್ದೀನಾ ಲಾ?" ಅಂದರು ಇವರು, ಇಲ್ಲಿನವರ ಆ "ಲಾ" ಸೇರಿಸಿ. "ಪ್ಲಾಸ್ಟಿಕ್ ನನ್ನ ಹತ್ರ ಮಾತಾಡೋದಿಲ್ಲ. ಲೋಹ ಆದ್ರೆ ಹಿಡಿದ ಕೂಡ್ಲೇ ಗೊತ್ತಾಗ್ತದೆ, ಎಲ್ಲಿ ಭಾರ, ಎಲ್ಲಿ ಟೊಳ್ಳು."

"ನಿನ್ನ ಅಜ್ಜ ಒಂದು ಇಕ್ಕಳ ತಗೊಳ್ಳಲಿಕ್ಕೆ ಪೆನಾಂಗಿನ ಅಂಗಡಿಗಳನ್ನೆಲ್ಲ ಹತ್ತಿ ಇಳಿದವರು," ಅಂದರು ಅತ್ತೆ. "ಕೈಯಲ್ಲಿ ಕೂತರೆ ತಗೊ, ಇಲ್ಲದಿದ್ರೆ ಬೇಡ."

ಆಮೇಲಿನದ್ದು ಕೇಳಿದರೆ ನೀವು ನಗುತ್ತೀರಿ. ಅಥವಾ ಈಗಾಗಲೇ ನಕ್ಕಿದ್ದೀರೋ ಏನೋ. ಉಕ್ಕಿನದರ ತೂಕಕ್ಕೆ ಸಮವಾದದ್ದು ಮನೆಯಲ್ಲಿ ಏನಿದೆ ಎಂದು ಅಂಗಡಿಯ ತಕ್ಕಡಿ ತಂದು ಹುಡುಕಿದರು. ಶುಂಠಿ ಜಜ್ಜುವ ಕುಟ್ಟಾಣಿಯ ಕಬ್ಬಿಣದ ಕೋಲು ಹತ್ತಿರ ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಸೊಂಟದ ಪಟ್ಟಿಗೆ ಸಿಕ್ಕಿಸಿ, ಮೇಲೆ ಬಾಟಿಕ್ ಅಂಗಿ ಹಾಕಿ, ಇಡೀ ಭಾನುವಾರ ಮನೆಯಲ್ಲಿ ಓಡಾಡಿದರು. ಕೂತರು, ಎದ್ದರು, ಕಾರು ಹತ್ತಿದರು. ಮಾಮಕ್ ಹೋಟೆಲಿಗೆ ಹೋಗಿ ರೋಟಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದರು. ಸಂಜೆ ಅತ್ತೆ ಅಡುಗೆಮನೆಯಿಂದ ಕೂಗಿದರು:

"ಕುಟ್ಟಾಣಿಯ ಕೋಲು ಎಲ್ಲಿ?"

"ನನ್ನ ಸೊಂಟದಲ್ಲಿ ಉಂಟು."

"ಶುಂಠಿಯನ್ನೂ ಅಲ್ಲೇ ಜಜ್ಜಿ ಕೊಡು ಹಾಗಾದ್ರೆ."

ನನಗೂ ನಗು ಬಂತು, ಅಪ್ಪ. ಆ ಕೈಗೆ ಪೆಟ್ಟಾದ ಮೇಲೆ ಮೊದಲ ಸಲ ಇವರು ನಕ್ಕದ್ದನ್ನು ನೋಡಿದೆ. ನಕ್ಕು ಮುಗಿಯುವಷ್ಟರಲ್ಲಿ ಶ್ರೀಯಾ ಹಿಂದಿನಿಂದ ಬಂದು, ಅಂಗಿ ಎತ್ತಿ, ಆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. "Give me, Appa." ಅಲ್ಲಿಗೆ ನನ್ನ ನಗು ನಿಂತಿತು. ಇವರದ್ದೂ ನಿಂತಿತು ಅಂದುಕೊಂಡೆ. ಇಲ್ಲ. "ಒಳ್ಳೆ ಹಿಡಿತ ಉಂಟು ಇವಳಿಗೆ, ಅಜ್ಜನ ಕೈ," ಅಂದರು.

ಆ ರಾತ್ರಿ ನಿಮಗೆ ಫೋನ್ ಮಾಡಿದ್ದರು. ನಾನು ಮಹಡಿ ಮೆಟ್ಟಿಲಿನಲ್ಲಿ ಕೂತು ಕೇಳಿಸಿಕೊಂಡೆ. ನೀವು ಏನೋ ಹೇಳಿ ನಕ್ಕಿರಿ, ಇವರೂ ನಕ್ಕರು. ಮದುವೆಯ ಚಪ್ಪರದಲ್ಲಿ ನೀವು ಇವರ ಅಂಗಡಿಯ ಬಗ್ಗೆ ಕೇಳಲಿಲ್ಲ, ಇವರು ನಿಮ್ಮ ಕೆಲಸದ ಬಗ್ಗೆ ಕೇಳಲಿಲ್ಲ. ಪಕ್ಕ ಪಕ್ಕ ಕೂತು ಇಬ್ಬರೂ ಎಲೆ ಮೇಲಿನ ಉಪ್ಪು ನೋಡುತ್ತಿದ್ದಿರಿ. ಇಬ್ಬರೂ ಮಾತಾಡಲಿ ಎಂದು ನಾನು ಎಷ್ಟು ಕಾದಿದ್ದೆ. ಮಾತಾಡಲು ನಿಮಗೆ ಸಿಕ್ಕಿದ್ದು ಇದೇನಾ?

ಸಮೀಕ್ಷಾ


ಪುತ್ತೂರು
೪ ಮೇ

ಪ್ರೀತಿಯ ಸಮೀಕ್ಷಾ,

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಇಷ್ಟು ದಿನ ಹೋಯಿತು. ಬೇರೆ ಸಂಗತಿ ಹೇಳುತ್ತೇನೆ.

ಕೀರ್ತಿಗೆ ಉಕ್ಕಿನದ್ದೇ ಬೇಕಿತ್ತು. ಉಕ್ಕು ನನ್ನ ಹಳೇ ಸ್ನೇಹಿತ. ಗುಂಡು ಹಾರುವಾಗ ಕೈಯಲ್ಲಿ ಕದಲುವುದು ಕಡಿಮೆ, ಎಷ್ಟು ವರ್ಷವಾದರೂ ಸವೆಯುವುದಿಲ್ಲ. ಆದರೆ ದಿನಾ ಸೊಂಟದಲ್ಲಿ ಹೊತ್ತು ಕೆಲಸ ಮಾಡುವವನಿಗೆ ಅದು ಶತ್ರು. ಮಧ್ಯಾಹ್ನದ ಹೊತ್ತಿಗೆ ಭಾರವಾಗುತ್ತದೆ, ತೆಗೆದು ಮೇಜಿನ ಮೇಲೆ ಇಡುತ್ತಾರೆ. ಮೇಜಿನ ಮೇಲೆ ಇಟ್ಟದ್ದೇ ಮನೆಗೆ ಅಪಾಯ. ಜೊತೆಗೆ ನಿಮ್ಮ ಊರಿನ ಬೆವರು. ಉಕ್ಕಿಗೆ ಬೆವರು ತಾಗಿ ತಾಗಿ ತುಕ್ಕು ಹಿಡಿಯುತ್ತದೆ.

ಆದ್ದರಿಂದ ಮಿಶ್ರಲೋಹದ ಫ್ರೇಮಿನದ್ದನ್ನು ಆರಿಸಿದೆವು. ಇಟಲಿಯದು. ಹೊತ್ತು ತಿರುಗಬಹುದಾದಷ್ಟು ಹಗುರ, ಲೋಹ ಬೇಕೆನ್ನುವ ಅವನ ಕೈಗೂ ಸಮಾಧಾನ. ಮೊದಲ ಸಲ ಟ್ರಿಗರ್ ಎಳೆಯಲು ಒಳ್ಳೆಯ ಬಲ ಬೇಕು, ತಪ್ಪಿ ಬೆರಳು ತಾಗಿದರೆ ಹಾರುವುದಿಲ್ಲ.

ನಾನು ಅದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಉಂಟು. ಅದನ್ನು ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ಸರಿಯಾಗಿ ಓದು. ಪಿಸ್ತೂಲಿನ ಹಿಡಿಯೊಳಗೆ ಗುಂಡುಗಳ ಪೆಟ್ಟಿಗೆ ಕೂರುತ್ತದೆ, ಅದು ಮ್ಯಾಗಜಿನ್. ಮೇಲಿನ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆ ಎಳೆದು ಬಿಟ್ಟರೆ ಒಂದು ಗುಂಡು ಪೆಟ್ಟಿಗೆಯಿಂದ ಹತ್ತಿ ನಳಿಗೆಯ ಬುಡದಲ್ಲಿ ಕೂರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದರೂ ಆ ಒಂದು ಗುಂಡು ಒಳಗೇ ಇರುತ್ತದೆ. ಟ್ರಿಗರ್ ಎಳೆದರೆ ಹಾರುತ್ತದೆ. ನನ್ನ ಸರ್ವಿಸಿನಲ್ಲಿ ನೋಡಿದ ಅನಾಹುತಗಳೆಲ್ಲ ಈ ಒಂದು ಗುಂಡಿನದ್ದೇ. "ಮ್ಯಾಗಜಿನ್ ತೆಗೆದಿದ್ದೆ ಸಾರ್" ಅಂತಲೇ ಎಲ್ಲರೂ ಹೇಳುತ್ತಿದ್ದರು.

ಈ ಪಿಸ್ತೂಲಿನಲ್ಲಿ ಹಾಗೆ ಒಳಗೆ ಗುಂಡು ಕೂತಿದ್ದರೆ, ಸ್ಲೈಡಿನ ಬಲಬದಿಯಲ್ಲಿ ಒಂದು ಸಣ್ಣ ಲೋಹದ ಕೊಕ್ಕೆ ಕೂದಲಿನಷ್ಟು ಹೊರಗೆ ಬರುತ್ತದೆ. ಅದರ ಮೇಲೆ ಕೆಂಪು ಬಣ್ಣ ಕಾಣುತ್ತದೆ. ಗುಂಡಿಲ್ಲದಿದ್ದರೆ ಕೆಂಪು ಇಲ್ಲ. ಕತ್ತಲೆಯಲ್ಲಾದರೆ ಬೆರಳಿಗೆ ತಿಳಿಯುತ್ತದೆ. ನೀನು ಮುಟ್ಟುವುದು ಬೇಡ. ದೂರದಿಂದ ನೋಡಿದರೆ ಸಾಕು. ನಿನ್ನ ನಿದ್ದೆಗೆ ಅಂತ ಆರಿಸಿದ್ದು ಅದು.

ಖಾಲಿ ನಳಿಗೆಯಲ್ಲೇ ಹೊತ್ತು ತಿರುಗಬೇಕು, ಮನೆಗೆ ಬಂದ ಕೂಡಲೇ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು ಎಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ಅಪ್ಪ


ಸೆರೆಂಬಾನ್
೨೩ ಆಗಸ್ಟ್

ಅಪ್ಪ,

ಬಂತು. ಮನೆಗೆ ಬಂದ ದಿನ ಬರೆಯಬೇಕೆಂದಿದ್ದೆ, ಬೆರಳು ಏಳಲಿಲ್ಲ.

ನೋಡಲು ಚೆನ್ನಾಗಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕಪ್ಪು, ನುಣುಪು, ಅಂಚುಗಳೆಲ್ಲ ತಿದ್ದಿ ಕೂರಿಸಿದ ಹಾಗೆ. ಇವರು ಅದನ್ನು ಒಡವೆ ನೋಡುವ ಹಾಗೆ ಬೆಳಕಿಗೆ ಹಿಡಿದು ತಿರುಗಿಸಿದರು. ಇಲ್ಲಿ ಕಲಿಸಿದವರು ಚೆನ್ನಾಗಿ ಕಲಿಸಿದ್ದಾರೆ. ದಿನಾ ಬಂದ ಕೂಡಲೇ ಗೋಡೆಯ ಕಡೆ ಮುಖ ಮಾಡಿ, ಮ್ಯಾಗಜಿನ್ ತೆಗೆದು, ಎಳೆದು ನೋಡಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ನಾನು ದೂರದಿಂದ ಬಲಬದಿ ನೋಡುತ್ತೇನೆ. ಕೆಂಪು ಇಲ್ಲ. ಆಮೇಲೆ ಅನ್ನ ಬಡಿಸುತ್ತೇನೆ. ಗೇಟು ನೋಡಲು ಈಗ ರಾತ್ರಿ ಏಳುವುದಿಲ್ಲ ಇವರು. ಅದನ್ನೂ ಹೇಳಬೇಕಲ್ಲ.

ಏಳುವವಳು ನಾನು. ನಿಲಾಯ್‌ನ ಕಾಲೇಜಿನಲ್ಲಿ ಪಾಠ ಮಾಡುವಾಗ ಪ್ರಯೋಗಶಾಲೆಯ ಬೀಗ ಹಾಕಿದೆನೋ ಇಲ್ಲವೋ ಎಂದು ಒಮ್ಮೆಯೂ ಹಿಂತಿರುಗಿ ನೋಡಿದವಳಲ್ಲ. ಕೆಲಸ ಬಿಟ್ಟು ಮಗು ನೋಡಿಕೊಳ್ಳಲು ಕೂತ ಮೇಲೆ, ಮುಚ್ಚಿದ ಬಾಗಿಲುಗಳೆಲ್ಲ ತೆರೆದ ಹಾಗೆ ಕಾಣುತ್ತವೆ.

ಕಳೆದ ವಾರ ಒಂದು ತಪ್ಪಾಯಿತು. ಮಧ್ಯಾಹ್ನ ಮಗುವನ್ನು ಮಲಗಿಸಿ ಬರುವಾಗ ಪೆಟ್ಟಿಗೆಯ ಹಿಡಿಕೆ ಕೆಳಗೆ ಬಾಗಿದ್ದು ಕಂಡಿತು. ಇವರು ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ ದಿನ ಅದು. ಬಾಗಿಲು ತೆರೆದಿದೆ ಎಂದುಕೊಂಡೆ. ಹತ್ತಿರ ಹೋಗಲು ಹೆದರಿ, ಶ್ರೀಯಾಳನ್ನು ಎತ್ತಿಕೊಂಡು ರಸ್ತೆಗೆ ಬಂದು ಇವರಿಗೆ ಫೋನ್ ಮಾಡಿದೆ. ಗಿರಾಕಿಗಳನ್ನು ಕಳಿಸಿ, ಶಟರ್ ಎಳೆದು ಓಡಿ ಬಂದರು. ಹಿಡಿಕೆ ಎತ್ತ ಇದ್ದರೂ ಬೀಗ ಬೀಗವೇ ಅಂತೆ. ಸರಿಯಾಗಿಯೇ ಮುಚ್ಚಿತ್ತು. ಪಕ್ಕದ ಮನೆಯ ಸರೋಜಿನಿ ಅಕ್ಕ ಗೇಟಿನಲ್ಲಿ ನಿಂತು "ಎನ್ನ ಆಚ್ಚು, ಮಾ?" ಅಂತ ತಮಿಳಿನಲ್ಲಿ ಏನಾಯಿತೆಂದು ಕೇಳುತ್ತಿದ್ದರು.

ಇವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಕೈ ತೊಳೆದು ಏಳುವಾಗ, "ಇನ್ನು ಈ ವಿಷಯ ನನ್ನ ಹತ್ರ ಎತ್ತಬೇಡ, ಸಮೀ. ಕೋತಿ ಆಯ್ತು, ಪೆಟ್ಟಿಗೆ ಆಯ್ತು. ನಂಗೂ ಸಾಕಾಗಿದೆ," ಅಂದರು.

ಅಪ್ಪ, ನಾನು ಹೀಗಿರಲಿಲ್ಲ ಅಲ್ಲವಾ?

ಸಮೀಕ್ಷಾ


ಪುತ್ತೂರು
೨೪ ಆಗಸ್ಟ್

ಪ್ರೀತಿಯ ಸಮೀಕ್ಷಾ,

ಇರಲಿಲ್ಲ. ಆಯುಧಪೂಜೆಯ ದಿನ ಶಸ್ತ್ರಾಗಾರಕ್ಕೆ ನನ್ನ ಜೊತೆ ಬಂದು, ಸಾಲಾಗಿ ನಿಲ್ಲಿಸಿದ ರೈಫಲುಗಳಿಗೆ ಚೆಂಡುಹೂ ಏರಿಸುತ್ತಿದ್ದವಳು ನೀನು. "ಎಲ್ಲ ಬಂದೂಕೂ ಯಾಕೆ ಬಾಯಿ ಬಿಟ್ಟಿದೆ?" ಎಂದು ಕೇಳಿದ್ದೆ. ಒಳಗೆ ಏನೂ ಇಲ್ಲ ಎಂದು ದೇವರಿಗೂ ಕಾಣಬೇಕಲ್ಲ, ಅಂದಿದ್ದೆ ನಾನು.

ಕೀರ್ತಿಯನ್ನು ಕೇಳಬೇಡ. ನೋಡು. ಕೆಂಪು ಇಲ್ಲದಿದ್ದರೆ ಮಲಗು. ಕೆಂಪು ಕಂಡರೆ ನನಗೆ ಹೇಳು, ಅವನಿಗೆ ನಾನು ಹೇಳುತ್ತೇನೆ. ನನ್ನ ಮಾತು ಅವನು ತೆಗೆದುಹಾಕುವುದಿಲ್ಲ.

ಅಪ್ಪ


ಸೆರೆಂಬಾನ್
೨ ಅಕ್ಟೋಬರ್, ಇನ್ನೂ ಕತ್ತಲೆ

ಅಪ್ಪ,

ಮುಂದೆ ಓದುವ ಮೊದಲು ನಿಮ್ಮ ಫೋನ್ ಆನ್ ಮಾಡಿ. ಮಾಡಿದ ಮೇಲೆ ಓದಿ.

ನಿಮಗೆ ಆಗಲೇ ಎಷ್ಟೋ ಸಲ ಮಾಡಿದೆ. ಸ್ವಿಚ್ ಆಫ್ ಅನ್ನುತ್ತಿದೆ. ನೀವು ಮೇಲ್ ಓದುವ ಟ್ಯಾಬ್ ತಲೆದಿಂಬಿನ ಹತ್ತಿರ ಚಾರ್ಜಿಗೆ ಇರುತ್ತದೆ ಎಂದಿದ್ದಿರಿ. ಮೇಲ್ ಬಂದ ಸದ್ದಿಗೆ ಎಚ್ಚರವಾಗಲಿ ಎಂದು ಬರೆಯುತ್ತಿದ್ದೇನೆ. ಎರಡು ಸಲ ಖಾಲಿ ಮೇಲ್ ಕಳಿಸಿದ್ದೂ ನಾನೇ.

ನಿನ್ನೆ ಆಯುಧಪೂಜೆ. ಅಂಗಡಿಯ ಸಾಮಾನು ಮನೆಗೆ ತಂದು ಪೂಜೆ ಮಾಡುವುದು ಇವರ ಮನೆಯ ಪದ್ಧತಿ, ನಿಮಗೆ ಗೊತ್ತಲ್ಲ. ಅಜ್ಜನ ಅಡಿಗಲ್ಲು, ಸುತ್ತಿಗೆ, ಇಕ್ಕಳ, ತಕ್ಕಡಿ, ಊದುಕೊಳವೆ. ಈ ವರ್ಷ ಅದರ ಜೊತೆ ಇದೂ ಇರಬೇಕು ಅಂದರು ಅತ್ತೆ. "ನಮ್ಮನ್ನು ಕಾಯುವುದಕ್ಕೆ ಕುಂಕುಮ ಬೇಡವಾ?" ನನಗೂ ಬೇಡ ಅನ್ನಲು ಬಾಯಿ ಬರಲಿಲ್ಲ. ನಾನೇ ಹೂ ಏರಿಸಿದವಳಲ್ಲವೇ.

ಇವರು ತಡವಾಗಿ ಬಂದರು. ಸಾಮಾನು ತರಲು ಹೋದಾಗ ಶ್ರೀಯಾಳೂ ಹಟ ಮಾಡಿ ಕಾರು ಹತ್ತಿದ್ದಳು. ಬಂದವರ ಮುಖ ಬಾಡಿತ್ತು. ಭಟ್ಟರು ಕಾಯುತ್ತಿದ್ದರು, ಅತ್ತೆ ಅವಸರ ಮಾಡುತ್ತಿದ್ದರು. ಗೋಡೆಯ ಕಡೆ ತಿರುಗಲಿಲ್ಲ, ಎಳೆದು ನೋಡಲಿಲ್ಲ. ಮ್ಯಾಗಜಿನ್ ತೆಗೆದು ಜೇಬಿಗೆ ಹಾಕಿ, ಪಿಸ್ತೂಲನ್ನು ಹಾಗೇ ಕೆಂಪು ಬಟ್ಟೆಯ ಮೇಲೆ ಇಟ್ಟರು. ಕೊಬ್ಬರಿ ಎಣ್ಣೆಯ ಕೈ ಒರೆಸಿಕೊಳ್ಳುತ್ತಾ ನಾನು ಬರುವಷ್ಟರಲ್ಲಿ ಇಟ್ಟಾಗಿತ್ತು.

"ಸ್ಲೈಡ್ ಹಿಂದಕ್ಕೆ ಎಳೆದು ನಿಲ್ಲಿಸಿ ಇಡಿ. ಅಪ್ಪನ ಕಡೆ ಹಾಗೇ ಇಡುವುದು," ಅಂದೆ.

"ಬಾಯಿ ಬಿಟ್ಟುಕೊಂಡು ಕೂತದ್ದಕ್ಕೆ ಎಂತ ಪೂಜೆ ಮಾರಾಯ್ತಿ," ಅಂದರು ಅತ್ತೆ. "ಭಿನ್ನ ಆದದ್ದನ್ನು ದೇವರ ಮುಂದೆ ಇಡಬಾರದು." ಹಿಡಿಯ ಕೆಳಗೆ ಮ್ಯಾಗಜಿನ್ ಇಲ್ಲದ ತೂತು ಕಾಣುತ್ತಿತ್ತಲ್ಲ, ಅದೂ ಭಿನ್ನವೇ ಎಂದು ಅಲ್ಲಿಗೆ ಒಂದು ಸೇವಂತಿಗೆ ಸಿಕ್ಕಿಸಿದರು. ಇವರು ನಕ್ಕರು. ಭಟ್ಟರೂ ನಕ್ಕರು. ಆಮೇಲೆ ಅತ್ತೆ ಬೆರಳಲ್ಲಿ ಕುಂಕುಮ ಕಲಸಿಕೊಂಡು ಸ್ಲೈಡಿನ ಉದ್ದಕ್ಕೂ ಬೊಟ್ಟು ಇಟ್ಟರು. ಬಲಬದಿಗೆ.

ಅಷ್ಟಕ್ಕೆ ನಾನು ಏನೂ ಅಂದುಕೊಳ್ಳಲಿಲ್ಲ. ದೇವರಾಣೆ. ನನಗೂ ಸಾಕಾಗಿತ್ತು, ಒಂದು ದಿನವಾದರೂ ಎಲ್ಲರ ಹಾಗೆ ಇರೋಣ ಎಂದು ಪಾಯಸ ಬಡಿಸಿದೆ.

ರಾತ್ರಿ ಶ್ರೀಯಾಳನ್ನು ಮಲಗಿಸುವಾಗ ಅವಳು ದಿಂಬನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕೈ ಹಿಂದಕ್ಕೆ ಎಳೆದು ಬಿಟ್ಟಳು. ಬಾಯಲ್ಲಿ ಸದ್ದು: ಕ್ರ್‌ರ್-ಚಕ್.

"ಏನದು, ಪುಟ್ಟಿ?"

"Appa do like this in the car. Then put inside shirt."

"ಯಾವಾಗ?"

"Motorbike uncle come very near. Appa say don't look."

ಎದ್ದು ಬಂದು ಇವರನ್ನು ಕೇಳಿದೆ. ಕೇಳಬೇಡ ಎಂದಿದ್ದಿರಿ, ಕೇಳಿದೆ. ಹೌದಂತೆ. ದೀಪದ ಕಂಬದ ಹತ್ತಿರ ಇಬ್ಬರು ಬೈಕಿನಲ್ಲಿ ಕಾರಿಗೆ ತೀರ ಒತ್ತಿ ಬಂದರಂತೆ. ಊಟ ತಲುಪಿಸುವ ಹುಡುಗರು. ಆದರೆ ಇವರಿಗೆ ಆ ದಿನದ್ದೇ ಕಂಡಿತು. ಒಮ್ಮೆ ಎಳೆದು ಸಿದ್ಧ ಮಾಡಿಕೊಂಡರು.

"ಆಮೇಲೆ ಒಳಗಿನದ್ದು ತೆಗೆದಿರಾ?"

"ಮ್ಯಾಗಜಿನ್ ತೆಗ್ದಿದ್ದೀನಲ್ಲ."

"ಅದಲ್ಲ. ಒಳಗಿನದ್ದು."

ಒಂದು ಕ್ಷಣ ಸುಮ್ಮನಿದ್ದರು, ಅಪ್ಪ. ಆ ಒಂದು ಕ್ಷಣವನ್ನು ನಾನು ಈಗ ಎಷ್ಟು ಹೊತ್ತಿನಿಂದ ತಿರುಗಿ ತಿರುಗಿ ಕೇಳುತ್ತಿದ್ದೇನೆ. ಆಮೇಲೆ "ತೆಗ್ದಿದ್ದೀನಿ ಲಾ. ಕಾರಿನಲ್ಲೇ ತೆಗ್ದೆ. ಮಲಕ್ಕೋ," ಅಂದರು. ಕಾರಿನಲ್ಲಿ ತೆಗೆದಿದ್ದರೆ ಆ ಗುಂಡು ಎಲ್ಲಿ ಎಂದೆ. ತಿರುಗಿ ಮಲಗಿ, ಗೋಡೆಗೆ ಹೇಳಿದರು: "ಈ ಮನೆಯಲ್ಲಿ ನಾನೊಬ್ಬ ಕಳ್ಳ, ನೀನೊಬ್ಬಳು ಪೊಲೀಸು."

ಮತ್ತೆ ಎಬ್ಬಿಸಿದೆ. ಒಮ್ಮೆ ಬಂದು ನೋಡಿ, ನಿಮ್ಮ ಕಾಲಿಗೆ ಬೀಳುತ್ತೇನೆ ಅಂದೆ. ಪೂಜೆಗೆ ಇಟ್ಟದ್ದನ್ನು ಮರುಪೂಜೆಗೆ ಮುಂಚೆ ಮುಟ್ಟಿದರೆ ಅತ್ತೆ ಊಟ ಬಿಡುತ್ತಾರೆ ಅಂದರು. ಅತ್ತೆಯ ಕೋಣೆಯ ಬಾಗಿಲು ತಟ್ಟಿದೆ. ಅತ್ತೆ ಎದ್ದು ಕೂತು, ಸಿಟ್ಟು ಮಾಡದೆ, ನನ್ನ ಹಣೆ ಮುಟ್ಟಿ ನೋಡಿ, "ನಿದ್ದೆ ಇಲ್ಲದೆ ನಿಂಗೆ ಹೀಗೆಲ್ಲ ಆಗ್ತದೆ, ಮಗಾ. ನಾಳೆ ಡಾಕ್ಟರ ಹತ್ರ ಹೋಗುವ," ಅಂದರು. ಯಾರನ್ನು ದೂರಲಿ? ಕೋತಿ ನಾನೇ ಕಂಡದ್ದು, ಪೆಟ್ಟಿಗೆಯೂ ನಾನೇ ಕಂಡದ್ದು.

ಆಮೇಲೆ ದೇವರ ಕೋಣೆಗೆ ಹೋದೆ. ನಂದಾದೀಪ ಉರಿಯುತ್ತಿತ್ತು. ಮೊಬೈಲಿನ ಬೆಳಕು ಹಿಡಿದು, ನೀವು ಹೇಳಿದ ಜಾಗ ನೋಡಿದೆ. ಕೆಂಪಿದೆ. ಕುಂಕುಮವೂ ಅಲ್ಲೇ ಇದೆ. ಅತ್ತೆಯ ಬೊಟ್ಟು ಸರಿಯಾಗಿ ಆ ಕೊಕ್ಕೆಯ ಮೇಲೆ ಬಿದ್ದು ಒಣಗಿದೆ. ಕುಂಕುಮದ ಕೆಂಪೋ ಅದರ ಕೆಂಪೋ ಗೊತ್ತಾಗುವುದಿಲ್ಲ, ಅಪ್ಪ. ನೀವು ನನ್ನ ನಿದ್ದೆಗೆ ಅಂತ ಆರಿಸಿದ ಗುರುತು. ಕೂದಲಿನಷ್ಟು ಹೊರಗೆ ಬಂದಿದೆಯೋ ಎಂದು ಕಣ್ಣು ಹತ್ತಿರ ಮಾಡಿ ನೋಡಿದೆ. ಬಂದ ಹಾಗೂ ಕಾಣುತ್ತದೆ, ಇಲ್ಲದ ಹಾಗೂ ಕಾಣುತ್ತದೆ. ಮುಟ್ಟಿದರೆ ತಿಳಿಯುತ್ತದೆ ಅಂದಿದ್ದಿರಿ. ಕೈ ಚಾಚಿದೆ. ನೀನು ಮುಟ್ಟುವುದು ಬೇಡ ಅಂದಿದ್ದೂ ನೀವೇ. ತಪ್ಪಿ ಬೇರೆಲ್ಲಾದರೂ ತಾಗಿದರೆ ಎಂದು ಹಿಂದಕ್ಕೆ ತೆಗೆದೆ. ಇವರು ಮುಟ್ಟಿದ್ದರೂ ತಿಳಿಯುತ್ತಿತ್ತೋ ಇಲ್ಲವೋ. ಅದೇ ಬೆರಳಲ್ಲವಾ.

ಇಷ್ಟೇ ಆಗಿದ್ದರೆ ಬೆಳಗಾಗಲಿ ಎಂದು ಕಾಯುತ್ತಿದ್ದೆ. ಬೆಳಗಾಗುವುದೇ ನನಗೆ ಹೆದರಿಕೆ. ವಿಜಯದಶಮಿಯ ಮರುಪೂಜೆ ಆದ ಮೇಲೆ ಪ್ರತಿಯೊಂದು ಆಯುಧವನ್ನೂ ಒಮ್ಮೆ ಆಡಿಸಬೇಕು, ಇವರ ಮನೆಯ ರೂಢಿ. ಸುತ್ತಿಗೆಯಿಂದ ಅಡಿಗಲ್ಲಿಗೆ ಒಂದು ಪೆಟ್ಟು, ತಕ್ಕಡಿಯಲ್ಲಿ ಒಂದು ತೂಕ, ಕಾರಿಗೆ ಒಂದು ಚಾವಿ. "ಇದನ್ನು ಹೇಗೆ ಆಡಿಸ್ತೀ?" ಎಂದು ಅತ್ತೆ ನಿನ್ನೆಯೇ ಕೇಳಿದ್ದರು. "ಸುಮ್ನೆ ಒಮ್ಮೆ ಟ್ರಿಗರ್ ಎಳೀತೀನಿ, ಟಿಕ್ ಅಂತದೆ, ಅಷ್ಟೇ," ಅಂದಿದ್ದರು ಇವರು.

ನಾಳೆ ಅಲ್ಲ, ಇವತ್ತೇ. ಇವತ್ತು ಶ್ರೀಯಾಳ ಅಕ್ಷರಾಭ್ಯಾಸವೂ ಹೌದು. ತಟ್ಟೆಯಲ್ಲಿ ಅಕ್ಕಿ ಹರಡಿ ಇಟ್ಟಾಗಿದೆ. ಅವಳು ಕೂರುವ ಮಣೆ ಪೀಠದ ಎದುರಿಗೇ ಇದೆ, ಪಿಸ್ತೂಲಿನ ಮೂತಿಯೂ ಅತ್ತ ಕಡೆಗೇ ಇದೆ. ಮಣೆಯನ್ನು ನಾನು ಎತ್ತಿ ಬಚ್ಚಲಿಗೆ ಇಟ್ಟು ಬಂದೆ. ಅತ್ತೆ ಇನ್ನೊಂದು ಮಣೆ ತರುತ್ತಾರೆ.

ಶ್ರೀಯಾಳನ್ನು ಹೇಗಾದರೂ ತಪ್ಪಿಸಬಹುದು. ಜ್ವರ ಅನ್ನಬಹುದು, ಎತ್ತಿಕೊಂಡು ಸರೋಜಿನಿ ಅಕ್ಕನ ಮನೆಗೆ ಓಡಬಹುದು. ಇವರನ್ನು ಎಲ್ಲಿಗೆ ಎತ್ತಿಕೊಂಡು ಓಡಲಿ? ಅದನ್ನು ಎಳೆಯುವವರು ಇವರು, ಪಕ್ಕದಲ್ಲಿ ಗಂಟೆ ಬಾರಿಸುವವರು ಅತ್ತೆ.

ನಿಮ್ಮ ನಾಲ್ಕೂವರೆ ಅಂದರೆ ನಮ್ಮ ಏಳು. ಅಷ್ಟರಲ್ಲಿ ಇಲ್ಲಿ ಬೆಳಕು ಹರಿದಿರುತ್ತದೆ, ಇವರು ಮಡಿಯುಟ್ಟು ಕೂತಿರುತ್ತಾರೆ. ನೀವು ಏಳುವ ಹೊತ್ತಿಗೆ ಎದ್ದರೆ ಸಾಲದು, ಅಪ್ಪ. ಅದಕ್ಕೆ ಮುಂಚೆ ಏಳಬೇಕು.

ಒಳಗೆ ಏನೂ ಇಲ್ಲದಿದ್ದರೆ ಇಲ್ಲ. ಮೂರನೆಯ ಸಲವೂ ನಾನೇ ಹುಚ್ಚಿ ಆಗುತ್ತೇನೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ, ಬರುತ್ತೇನೆ. ಇಡೀ ಬೀದಿ ನಗಲಿ. ನಿಮ್ಮ ಅಳಿಯ ಒಮ್ಮೆ, ಗೋಡೆಯ ಕಡೆ ತಿರುಗಿ, ಆ ಸ್ಲೈಡನ್ನು ಹಿಂದಕ್ಕೆ ಎಳೆದು ಒಳಗೆ ನೋಡಬೇಕು. ಅಷ್ಟೇ. ನಾನು ಹೇಳಿದರೆ ಮಾಡುವುದಿಲ್ಲ. ನೀವು "ಕೀರ್ತಿ, ಒಮ್ಮೆ ನೋಡು" ಅಂದರೆ ಸಾಕು, ಅತ್ತೆ ಊಟ ಬಿಟ್ಟರೂ ಎದ್ದು ಹೋಗುತ್ತಾರೆ. ಈ ವರ್ಷ ನೀವಿಬ್ಬರೂ ಸಂಪಾದಿಸಿಕೊಂಡದ್ದು ಅದೊಂದೇ, ಅದು ಇವತ್ತು ಬೇಕು.

ನಾನು ದೇವರ ಕೋಣೆಯ ಬಾಗಿಲಿಗೆ ಅಡ್ಡ ಕೂತು ಬರೆಯುತ್ತಿದ್ದೇನೆ. ಇವರ ಫೋನ್ ಚಾರ್ಜಿನಿಂದ ತೆಗೆದು, ಸದ್ದು ಪೂರ್ತಿ ಏರಿಸಿ, ದಿಂಬಿನ ಪಕ್ಕ ಇಟ್ಟಿದ್ದೇನೆ.

ನಿಮ್ಮ
ಸಮೀಕ್ಷಾ

ಅತ್ತೆಯ ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದಾಯಿತು. ಎದ್ದರು. ಚಹಾ ಆಮೇಲೆ ಕುಡಿಯಿರಿ, ಕನ್ನಡಕ ಸಿಗದಿದ್ದರೂ ಪರವಾಗಿಲ್ಲ, ನಿಮ್ಮ ಫೋನಿನಲ್ಲಿ ಇವರ ಹೆಸರು ಮೇಲೆಯೇ ಇದೆ. ಇಲ್ಲಿ ಬೆಳಗಾಗುವ ಮೊದಲು ಫೋನ್ ಮಾಡಿ, ಅಪ್ಪ. ನನಗಲ್ಲ. ಇವರಿಗೆ. ಫೋನ್ ಮಾಡಿ.